ರಕ್ತದ ಕಿರುಬಿಲ್ಲೆಗಳು ಹುಟ್ಟುವ ಬಗೆ: ದಂಪತಿಗಳು ಅರಿತಿರಬೇಕಾದ ಸಂಗತಿಗಳು

ಮಳೆಗಾಲವು ಆರಂಭವಾಗಿ ಅಲ್ಲಲ್ಲಿ ಜ್ವರವು ಕಾಣಿಸಿಕೊಂಡೊಡನೆ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ, ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ, ಹಳ್ಳಿಯ ಅರಳಿಕಟ್ಟೆಯ ಮೇಲೆ ಒಂದೇ ಪ್ರಶ್ನೆ ಕೇಳಿಬರುತ್ತದೆ: "ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದಿದೆ?" ಈ ಒಂದು ಸಂಖ್ಯೆಯನ್ನು ಕೇಳಿ ಧೈರ್ಯಗುಂದಿ ಸಾಲ ಮಾಡಿದವರುಂಟು, ಹಸುವನ್ನು ಮಾರಲು ಹೊರಟವರುಂಟು. ಇನ್ನು ಕೆಲವರು ಜ್ವರ ಇಳಿಯಿತೆಂದು ನೆಮ್ಮದಿಯಿಂದಿದ್ದು, ನಿಜವಾದ ಅಪಾಯವು ಬಂದ ಗಳಿಗೆಯನ್ನು ಅರಿಯದೆ ಹೋಗುತ್ತಾರೆ. ಈ ಎರಡೂ ತಪ್ಪುಗಳಿಗೆ ಮೂಲವು ತಿಳಿವಳಿಕೆಯ ಕೊರತೆಯೇ ಆಗಿದೆ.

ಪ್ಲೇಟ್‌ಲೆಟ್ ಎಂದರೇನು, ಅದು ನಮ್ಮ ಶರೀರದಲ್ಲಿ ಎಲ್ಲಿ ಹುಟ್ಟುತ್ತದೆ, ಅದನ್ನು ಹುಟ್ಟಿಸುವ ಕೋಶಗಳು ಯಾರ ಅಪ್ಪಣೆಯಂತೆ ಬೆಳೆದು ಪಕ್ವವಾಗುತ್ತವೆ, ಯಾವಾಗ ಅದು ಕುಗ್ಗುತ್ತದೆ, ಆಗ ನಾವು ಮಾಡಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಪತಿ ಪತ್ನಿಯರಿಬ್ಬರೂ ಕುಳಿತು ಇದನ್ನು ಓದಬೇಕೆಂದು, ಓದಲು ಬಾರದವರಿಗೆ ಬಲ್ಲವರು ಓದಿ ಹೇಳಬೇಕೆಂದು ಕೋರುತ್ತೇವೆ.

ಕಿರುಬಿಲ್ಲೆಗಳ ಕೆಲಸವೇನು?

ನಮ್ಮ ರಕ್ತದಲ್ಲಿ ಮೂರು ಬಗೆಯ ಕಣಗಳಿವೆ. ಕೆಂಪು ಕಣಗಳು ಉಸಿರಿನ ಆಮ್ಲಜನಕವನ್ನು ಹೊತ್ತು ಸಾಗುತ್ತವೆ. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಮೂರನೆಯವೇ ಪ್ಲೇಟ್‌ಲೆಟ್‌ಗಳು, ಇವನ್ನು ಕನ್ನಡದಲ್ಲಿ ಕಿರುಬಿಲ್ಲೆಗಳೆಂದು ಕರೆಯುತ್ತೇವೆ. ಇವು ಬಹು ಚಿಕ್ಕವು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅಂತಹ ಎರಡು ಮೂರು ಭಾಗಗಳಷ್ಟು ಅಗಲ ಮಾತ್ರ. ಕುಡುಗೋಲು ತಗುಲಿ ಬೆರಳು ಕೊಯ್ದಾಗ ಮೊದಲು ಓಡಿಬಂದು ಗಾಯದ ಬಾಯಿಗೆ ಅಂಟಿಕೊಂಡು, ಒಂದರ ಮೇಲೊಂದು ಕೂಡಿ, ರಕ್ತವು ಹೆಪ್ಪುಗಟ್ಟಲು ನೆರವಾಗುವವು ಇವೇ. ಕೆರೆಯ ಏರಿಯಲ್ಲಿ ಬಿರುಕು ಬಿಟ್ಟಾಗ ಊರಿನವರು ಮಣ್ಣು ಕಲ್ಲು ತಂದು ಮುಚ್ಚುವಂತೆ ಇವು ರಕ್ತನಾಳದ ಬಿರುಕನ್ನು ಮುಚ್ಚುತ್ತವೆ.

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಕಿರುಬಿಲ್ಲೆಗಳಿರುತ್ತವೆ. ಒಂದೊಂದು ಬಿಲ್ಲೆಯ ಆಯುಷ್ಯವೂ ಸುಮಾರು 7ರಿಂದ 10 ದಿನ ಮಾತ್ರ. ಹಳೆಯವು ಅಳಿದಂತೆ ಹೊಸವು ಹುಟ್ಟಬೇಕು. ಈ ನಷ್ಟವನ್ನು ತುಂಬಲು ವಯಸ್ಕರ ಶರೀರವು ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಕಿರುಬಿಲ್ಲೆಗಳನ್ನು ತಯಾರಿಸುತ್ತದೆ. ನಾವು ಮಲಗಿದ್ದಾಗಲೂ ಉಳುವಾಗಲೂ ಈ ಕಾರ್ಯವು ನಿಲ್ಲದೆ ನಡೆದಿರುತ್ತದೆ.

ಮೂಳೆಯೊಳಗಿನ ಗಣಿ

ಕೋಲಾರದ ಚಿನ್ನದ ಗಣಿಯನ್ನು ನಮ್ಮ ಭಾಗದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. 1880ರಿಂದ ಆಧುನಿಕ ರೀತಿಯಲ್ಲಿ ನಡೆದು, 2001ರ ಫೆಬ್ರವರಿ 28ರಂದು ಮುಚ್ಚಿಹೋದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಲೈನ್ ಮನೆಗಳಲ್ಲಿ ವಾಸವಾಗಿದ್ದಾರೆ. ಒಂದು ಟನ್ ಕಲ್ಲನ್ನು ಒಡೆದು ಪುಡಿಮಾಡಿದರೆ ಕೆಲವೇ ಗ್ರಾಂ ಚಿನ್ನ ದೊರೆಯುತ್ತಿತ್ತೆಂಬುದನ್ನು ಅವರು ಬಲ್ಲರು.

ನಮ್ಮ ಶರೀರದಲ್ಲಿಯೂ ಅಂತಹ ಒಂದು ಗಣಿಯಿದೆ. ಅದೇ ಮೂಳೆಯೊಳಗಿನ ಮಜ್ಜೆ. ರಕ್ತದ ಎಲ್ಲ ಕಣಗಳೂ ಹುಟ್ಟುವುದು ಇಲ್ಲಿಯೇ. ಮಜ್ಜೆಯಲ್ಲಿರುವ ಮೂಲಕೋಶಗಳು ಬೇರೆ ಬೇರೆ ದಾರಿ ಹಿಡಿದು ಕೆಂಪು ಕಣಗಳೋ ಬಿಳಿಯ ಕಣಗಳೋ ಆಗುತ್ತವೆ. ಅವುಗಳಲ್ಲಿ ಕೆಲವು ಮಾತ್ರ ಮೆಗಾಕ್ಯಾರಿಯೊಸೈಟ್ ಎಂಬ ದೈತ್ಯ ಕೋಶಗಳಾಗುತ್ತವೆ. ಮಜ್ಜೆಯ ಸಾವಿರ ಕೋಶಗಳಲ್ಲಿ ಇಂತಹುದು ಒಂದೂ ಇರುವುದು ಕಷ್ಟ. ಕಲ್ಲಿನಲ್ಲಿ ಚಿನ್ನ ಅಡಗಿರುವಂತೆ ಅಷ್ಟು ವಿರಳ. ಆದರೆ ಕಿರುಬಿಲ್ಲೆಗಳೆಲ್ಲಕ್ಕೂ ತಾಯಿ ಈ ಕೋಶವೇ.

ಈ ತಾಯಿಕೋಶವು ಬೆಳೆಯುವ ರೀತಿ ವಿಚಿತ್ರವಾದುದು. ಬೇರೆ ಕೋಶಗಳು ಬೆಳೆದು ಎರಡಾಗಿ ಒಡೆಯುತ್ತವೆ. ಇದು ಹಾಗೆ ಒಡೆಯುವುದಿಲ್ಲ. ತನ್ನೊಳಗಿನ ವಂಶವಸ್ತುವನ್ನು ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹದಿನಾರು ಪಟ್ಟಾಗಿ, ಕೆಲವೊಮ್ಮೆ ಅರವತ್ತನಾಲ್ಕು ಪಟ್ಟಿನವರೆಗೂ ಹೆಚ್ಚಿಸಿಕೊಳ್ಳುತ್ತಾ ಒಂದೇ ಕೋಶವಾಗಿ ಹಿಗ್ಗುತ್ತದೆ. ಹೀಗೆ ಪಕ್ವವಾಗಲು ಸುಮಾರು ಐದು ದಿನಗಳು ಬೇಕಾಗುತ್ತವೆ. ಅನಂತರ ಅದು ಮಜ್ಜೆಯಲ್ಲಿರುವ ಸಣ್ಣ ರಕ್ತನಾಳದ ಗೋಡೆಯ ಬಳಿಗೆ ಸಾಗಿ, ಗೋಡೆಯ ಸಂದಿನಲ್ಲಿ ಉದ್ದನೆಯ ಎಳೆಗಳನ್ನು ಒಳಕ್ಕೆ ಚಾಚುತ್ತದೆ. ಹರಿಯುವ ರಕ್ತದ ಸೆಳೆತಕ್ಕೆ ಆ ಎಳೆಗಳು ತುಂಡು ತುಂಡಾಗಿ ಬೇರ್ಪಟ್ಟು ಕಿರುಬಿಲ್ಲೆಗಳಾಗುತ್ತವೆ. ಒಂದು ತಾಯಿಕೋಶದಿಂದ ಸಾವಿರಾರು ಬಿಲ್ಲೆಗಳು ಹೊರಬರುತ್ತವೆ.

ಕಿರುಬಿಲ್ಲೆಗಳ ಕಾರ್ಯವನ್ನು 1882ರಲ್ಲಿ ಇಟಲಿಯ ವೈದ್ಯ ಜೂಲಿಯೊ ಬಿಜೊಜೆರೊ ವಿವರಿಸಿದರು. ಅವು ಮಜ್ಜೆಯ ದೈತ್ಯ ಕೋಶದ ತುಣುಕುಗಳೆಂಬುದನ್ನು 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತೋರಿಸಿಕೊಟ್ಟರು.

ಸಂಕೇತ ನೀಡುವ ಪುಟ್ಟ ಪ್ರೋಟೀನುಗಳು

ಗಣಿಯಲ್ಲಿ ಆಳದಲ್ಲಿರುವವರಿಗೂ ಮೇಲೆ ಯಂತ್ರ ನಡೆಸುವವರಿಗೂ ನಡುವೆ ಸಂಪರ್ಕವು ಗಂಟೆಯ ಸಂಕೇತದಿಂದ ಆಗುತ್ತದೆ. ಇಷ್ಟು ಬಾರಿ ಬಡಿದರೆ ಕೇಜನ್ನು ಮೇಲೆತ್ತು, ಇಷ್ಟು ಬಾರಿ ಬಡಿದರೆ ಇಳಿಸು, ಒಮ್ಮೆ ಬಡಿದರೆ ನಿಲ್ಲಿಸು ಎಂದು ಗೊತ್ತುಮಾಡಿರುತ್ತಾರೆ. ಗಂಟೆ ತಪ್ಪಿದರೆ ಕೆಲಸ ಕೆಡುತ್ತದೆ, ಪ್ರಾಣವೂ ಹೋಗಬಹುದು.

ಮೂಳೆಮಜ್ಜೆಯ ಗಣಿಯಲ್ಲಿಯೂ ಇಂತಹ ಸಂಕೇತಗಳಿವೆ. ಅವು ಗಂಟೆಗಳಲ್ಲ, ಪುಟ್ಟ ಪ್ರೋಟೀನುಗಳು. ವಿಜ್ಞಾನಿಗಳು ಇವನ್ನು ಸೈಟೊಕೈನ್‌ಗಳೆಂದು ಕರೆಯುತ್ತಾರೆ. ಒಂದು ಅಂಗದಲ್ಲಿ ತಯಾರಾದ ಪ್ರೋಟೀನು ರಕ್ತದಲ್ಲಿ ಸಾಗಿ ಬಂದು, ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಬೀಗಕ್ಕೆ ಬೀಗದಕೈ ಕೂಡುವಂತೆ ಕೂಡಿಕೊಳ್ಳುತ್ತದೆ. ಆಗ ಕೋಶದ ಒಳಗೆ "ಬೆಳೆ", "ಪಕ್ವವಾಗು", "ನಿಲ್ಲು" ಎಂಬ ಅಪ್ಪಣೆಗಳು ತಲುಪುತ್ತವೆ.

ಕಿರುಬಿಲ್ಲೆಗಳ ವಿಷಯದಲ್ಲಿ ಹಿರಿಯ ಸಂಕೇತವೆಂದರೆ ಥ್ರಾಂಬೊಪೊಯಿಟಿನ್ ಎಂಬ ಪ್ರೋಟೀನು. ಇಂತಹುದೊಂದು ಇರಬೇಕೆಂದು 1958ರಲ್ಲಿಯೇ ಹಂಗೆರಿಯ ವಿಜ್ಞಾನಿಗಳು ಊಹಿಸಿ ಈ ಹೆಸರನ್ನಿಟ್ಟರು. ಆದರೆ ಅದನ್ನು ಬೇರ್ಪಡಿಸಿ ಗುರುತಿಸಲು 1994ರವರೆಗೂ ಕಾಯಬೇಕಾಯಿತು. ಇದು ಬಹುಮಟ್ಟಿಗೆ ತಯಾರಾಗುವುದು ನಮ್ಮ ಪಿತ್ತಜನಕಾಂಗದಲ್ಲಿ. ಮೂಲಕೋಶವು ತಾಯಿಕೋಶದ ದಾರಿ ಹಿಡಿಯಲು, ಅದರ ಸಂಖ್ಯೆ ಹೆಚ್ಚಲು, ಅದು ಹಿಗ್ಗಿ ಪಕ್ವವಾಗಲು ಈ ಪ್ರೋಟೀನೇ ಮುಖ್ಯ ಪ್ರೇರಣೆ. ಇದು ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕಿರುಬಿಲ್ಲೆಗಳು ಹತ್ತರಲ್ಲಿ ಒಂದು ಭಾಗಕ್ಕೆ ಇಳಿದುದನ್ನು ಕಂಡಿದ್ದಾರೆ.

ಇದರೊಡನೆ ಸಹಾಯಕ ಸಂಕೇತಗಳೂ ಉಂಟು. ಇಂಟರ್‌ಲ್ಯೂಕಿನ್-3 ಎಂಬುದು ಎಳೆಯ ಕೋಶಗಳನ್ನು ಹೆಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-6 ಮತ್ತು ಇಂಟರ್‌ಲ್ಯೂಕಿನ್-11 ಎಂಬುವು ಕೋಶವು ಬಲಿಯಲು ನೆರವಾಗುತ್ತವೆ. ಮಜ್ಜೆಯಲ್ಲಿಯೇ ತಯಾರಾಗುವ ಮತ್ತೊಂದು ಪ್ರೋಟೀನು ಬಲಿತ ತಾಯಿಕೋಶವನ್ನು ರಕ್ತನಾಳದ ಬಳಿಗೆ ಕರೆದೊಯ್ಯುತ್ತದೆ. ಹೆಚ್ಚಾಗದಂತೆ ತಡೆಯುವ ಸಂಕೇತಗಳೂ ಇವೆ. ಬೆಳೆದ ಬಿಲ್ಲೆಗಳಿಂದಲೇ ಹೊರಬರುವ ಕೆಲವು ಪ್ರೋಟೀನುಗಳು ಎಳೆಯ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುತ್ತವೆ. ಬಂಡಿಗೆ ಎತ್ತು ಹೇಗೋ ಹಗ್ಗವೂ ಹಾಗೆಯೇ ಬೇಕಲ್ಲವೇ?

ಲೆಕ್ಕ ತಪ್ಪದ ಏರ್ಪಾಡು

ಕಿರುಬಿಲ್ಲೆಗಳು ಕಡಿಮೆಯಾಗಿವೆ ಎಂಬುದು ಮಜ್ಜೆಗೆ ತಿಳಿಯುವುದು ಹೇಗೆ? ಇಲ್ಲಿ ಪ್ರಕೃತಿಯ ಏರ್ಪಾಡು ಬಹು ಸರಳವಾಗಿದೆ. ರಕ್ತದಲ್ಲಿ ತೇಲುವ ಪ್ರತಿಯೊಂದು ಕಿರುಬಿಲ್ಲೆಯೂ ಥ್ರಾಂಬೊಪೊಯಿಟಿನ್ನನ್ನು ಹಿಡಿದು ನುಂಗಿಬಿಡುತ್ತದೆ. ಬಿಲ್ಲೆಗಳು ಸಾಕಷ್ಟಿದ್ದರೆ ಆ ಪ್ರೋಟೀನಿನ ಬಹುಭಾಗವು ಅಲ್ಲಿಯೇ ತೀರಿಹೋಗಿ, ಮಜ್ಜೆಗೆ ತಲುಪುವ ಸಂಕೇತವು ಸಣ್ಣದಾಗಿರುತ್ತದೆ. ಬಿಲ್ಲೆಗಳು ಕಡಿಮೆಯಾದರೆ ನುಂಗುವವರೇ ಇಲ್ಲದೆ ಪ್ರೋಟೀನು ರಕ್ತದಲ್ಲಿ ಉಳಿದು ಮಜ್ಜೆಯನ್ನು ತಲುಪುತ್ತದೆ. ಆಗ ಗಂಟೆಯು ಜೋರಾಗಿ ಬಡಿದಂತಾಗಿ ತಾಯಿಕೋಶಗಳು ಹೆಚ್ಚು ಹೆಚ್ಚು ಬೆಳೆಯತೊಡಗುತ್ತವೆ.

ಊಟದ ಮನೆಯ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಮಾಡಿದ ಮುದ್ದೆಯೆಲ್ಲ ಖರ್ಚಾದರೆ ಮನೆಯಲ್ಲಿ ಉಣ್ಣುವವರು ತುಂಬಾ ಇದ್ದಾರೆಂದು ತಿಳಿಯುತ್ತದೆ. ಮುದ್ದೆ ಮಿಕ್ಕರೆ ಯಾರೋ ಮನೆಗೆ ಬಂದಿಲ್ಲವೆಂದು ಗೃಹಿಣಿಗೆ ತಾನಾಗಿ ಅರಿವಾಗುತ್ತದೆ; ಎಣಿಸುವ ಅಗತ್ಯವಿಲ್ಲ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಒಂದು, ಕಿರುಬಿಲ್ಲೆಗಳು ಕುಗ್ಗಿದಾಗ ಅವನ್ನು ಮತ್ತೆ ತುಂಬುವ ಅಪ್ಪಣೆಯನ್ನು ಶರೀರವೇ ಹೊರಡಿಸುತ್ತದೆ. ಎರಡು, ತಾಯಿಕೋಶವು ಪಕ್ವವಾಗಲು ಕೆಲವು ದಿನಗಳು ಬೇಕಾದ್ದರಿಂದ ಫಲವು ಆ ಕೂಡಲೇ ಕಾಣಿಸುವುದಿಲ್ಲ. ಬಿತ್ತಿದ ದಿನವೇ ಪೈರು ಬರುವುದಿಲ್ಲವಷ್ಟೆ.

ಡೆಂಗೀ ಜ್ವರದಲ್ಲಿ ನಡೆಯುವುದೇನು?

ಡೆಂಗೀ ಜ್ವರವು ಈಡಿಸ್ ಎಂಬ ಸೊಳ್ಳೆಯ ಕಡಿತದಿಂದ ಹರಡುವ ವೈರಾಣು ರೋಗ. 2024ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಆದುದರಿಂದ ಒಮ್ಮೆ ಬಂದವರಿಗೆ ಮತ್ತೆ ಬಾರದೆಂದಿಲ್ಲ. ಎರಡನೆಯ ಬಾರಿ ಬಂದಾಗ ರೋಗವು ಹೆಚ್ಚು ತೀವ್ರವಾಗುವ ಸಂಭವವೂ ಉಂಟು.

ರೋಗದ ಮೊದಲ ದಿನಗಳಲ್ಲಿ ವೈರಾಣುವಿನ ಪ್ರಭಾವದಿಂದ ಮಜ್ಜೆಯ ಕೆಲಸವು ಮಂದವಾಗುತ್ತದೆ. ಜೊತೆಗೆ, ರಕ್ತದಲ್ಲಿರುವ ಬಿಲ್ಲೆಗಳು ರೋಗನಿರೋಧಕ ಶಕ್ತಿಯ ಏರುಪೇರಿನಿಂದ ಬೇಗ ಬೇಗ ನಾಶವಾಗುತ್ತವೆ. ಹುಟ್ಟು ಕಡಿಮೆ, ಸಾವು ಹೆಚ್ಚು. ಆದ್ದರಿಂದ ಸಂಖ್ಯೆ ಇಳಿಯುತ್ತದೆ. ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದವರೆಗೆ ಈ ಇಳಿತವು ಕಾಣುತ್ತದೆ. ಇದೇ ಸಮಯದಲ್ಲಿ ರೋಗಿಗಳ ರಕ್ತದಲ್ಲಿ ಥ್ರಾಂಬೊಪೊಯಿಟಿನ್ ಏರಿರುವುದನ್ನು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಎಂದರೆ ಗಂಟೆಯು ಆಗಲೇ ಬಡಿಯತೊಡಗಿರುತ್ತದೆ. ಮಜ್ಜೆಯು ಚೇತರಿಸಿಕೊಂಡೊಡನೆ ಹೊಸ ಬಿಲ್ಲೆಗಳು ಹೊರಬಂದು, ಸಂಖ್ಯೆಯು ತಾನಾಗಿಯೇ ಏರುತ್ತದೆ.

ಹಾಗಾದರೆ ಡೆಂಗೀಯಲ್ಲಿ ಪ್ರಾಣಾಪಾಯವು ಯಾವುದರಿಂದ? ಹೆಚ್ಚಿನ ಸಂದರ್ಭಗಳಲ್ಲಿ ಅದು ಬಿಲ್ಲೆಗಳ ಕೊರತೆಯೊಂದರಿಂದಲೇ ಅಲ್ಲ. ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ನೀರಿನ ಅಂಶವು ಹೊರಕ್ಕೆ ಸೋರಿ, ರಕ್ತವು ಗಟ್ಟಿಯಾಗಿ, ರಕ್ತದೊತ್ತಡ ಕುಸಿಯುವುದೇ ಮುಖ್ಯ ಅಪಾಯ. ಈ ಸೋರಿಕೆಯು ಜ್ವರ ಏರಿದ್ದಾಗಲ್ಲ, ಜ್ವರ ಇಳಿಯುವ ಹೊತ್ತಿನಲ್ಲಿ ಆರಂಭವಾಗುತ್ತದೆ. ಆದ್ದರಿಂದಲೇ "ಜ್ವರ ಬಿಟ್ಟಿತು, ಇನ್ನು ಭಯವಿಲ್ಲ" ಎಂಬ ಮಾತು ಡೆಂಗೀಯ ವಿಷಯದಲ್ಲಿ ಸಲ್ಲದು. ಜ್ವರ ಇಳಿದ ಅನಂತರದ ಎರಡು ದಿನಗಳೇ ಕಣ್ಣಿಟ್ಟು ಕಾಯಬೇಕಾದ ದಿನಗಳು.

ಒಂದು ಸಂಸಾರದ ಉದಾಹರಣೆ

ಬಂಗಾರಪೇಟೆಗೆ ಸಮೀಪದ ಹಳ್ಳಿಯೊಂದರ ಸಂಸಾರವನ್ನು ಊಹಿಸಿಕೊಳ್ಳಿ. ಯಜಮಾನನು ದಿನವೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಗಾರೆಯ ಕೆಲಸ ಮಾಡುವವನು. ಹೆಂಡತಿಯು ಆರು ತಿಂಗಳ ಗರ್ಭಿಣಿ. ಅವಳಿಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂಭಾಗದಲ್ಲಿ ನೋವು. ಆಶಾ ಕಾರ್ಯಕರ್ತೆಯು ಆಸ್ಪತ್ರೆಗೆ ಕರೆದೊಯ್ಯುವಂತೆ ಹೇಳಿದರೂ, "ನಾಳೆ ನೋಡೋಣ" ಎಂದು ದಿನಗಳು ಕಳೆದವು. ನಾಲ್ಕನೆಯ ದಿನ ಜ್ವರ ಇಳಿಯಿತು. ಯಜಮಾನನು ಸಮಾಧಾನಗೊಂಡು ಕೆಲಸಕ್ಕೆ ಹೊರಟನು.

ಐದನೆಯ ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಕೈಕಾಲು ತಣ್ಣಗೆ. ಅತ್ತೆಯು ಸೊಸೆಯ ಮುಖ ನೋಡಿ, "ಜ್ವರ ಬಿಟ್ಟ ಮೇಲೆ ಮೈ ಹಗುರಾಗಬೇಕಿತ್ತು, ಇದು ಸರಿಯಿಲ್ಲ" ಎಂದು ತಡಮಾಡದೆ 108ಕ್ಕೆ ಕರೆಮಾಡಿಸಿ ಆಸ್ಪತ್ರೆಗೆ ಸೇರಿಸಿದಳು. ಕಿರುಬಿಲ್ಲೆಗಳು 48 ಸಾವಿರ ಇದ್ದವು. ರೈಲಿಳಿದು ಓಡಿಬಂದ ಯಜಮಾನನು, "ಸ್ವಾಮಿ, ಹಸು ಮಾರಿಯಾದರೂ ದುಡ್ಡು ತರುತ್ತೇನೆ, ಪ್ಲೇಟ್‌ಲೆಟ್ ಹಾಕಿಸಿ" ಎಂದು ಕೈಮುಗಿದನು.

ವೈದ್ಯರು ಅವನನ್ನು ಕೂರಿಸಿ ಹೇಳಿದರು: "ನೋಡಪ್ಪಾ, ರಕ್ತ ಸೋರುತ್ತಿಲ್ಲ. ಈಗ ಇವಳಿಗೆ ಬೇಕಾದದ್ದು ಲೆಕ್ಕವಿಟ್ಟು ಕೊಡುವ ದ್ರವ, ಗಳಿಗೆಗೊಮ್ಮೆ ನಾಡಿ ಮತ್ತು ಒತ್ತಡದ ಪರೀಕ್ಷೆ. ಹೊರಗಿನಿಂದ ಹಾಕಿದ ಬಿಲ್ಲೆಗಳೂ ಇವಳ ಬಿಲ್ಲೆಗಳಂತೆಯೇ ಬೇಗ ಅಳಿದುಹೋಗುತ್ತವೆ. ನಾಳೆ ಸಂಖ್ಯೆ ಇನ್ನೂ ಇಳಿಯಬಹುದು, ಹೆದರಬೇಡ. ಮಜ್ಜೆ ತನ್ನ ಕೆಲಸ ಶುರುಮಾಡಿದೆ. ಹಸುವನ್ನು ಮಾರಬೇಡ, ಅದರ ಹಾಲು ನಾಳೆ ಇವಳಿಗೇ ಬೇಕು."

ಅವರು ಹೇಳಿದಂತೆಯೇ ಮರುದಿನ 31 ಸಾವಿರಕ್ಕೆ ಇಳಿದು, ಅದರ ಮರುದಿನ 44 ಸಾವಿರಕ್ಕೆ ಏರಿ, ಒಂಬತ್ತನೆಯ ದಿನ ಒಂದು ಲಕ್ಷವನ್ನು ದಾಟಿತು. ಈ ಸಂಸಾರವನ್ನು ಉಳಿಸಿದುದು ಹಣವಲ್ಲ. ಹೊತ್ತು ಮೀರದಂತೆ ಎಚ್ಚೆತ್ತ ಅತ್ತೆಯ ವಿವೇಕ ಮತ್ತು ಸರಿಯಾದ ದ್ರವೋಪಚಾರ. ಆದರೆ ಗರ್ಭಿಣಿಗೆ ಜ್ವರ ಬಂದ ಮೊದಲ ದಿನವೇ ವೈದ್ಯರಿಗೆ ತೋರಿಸಿದ್ದರೆ ಆ ಐದನೆಯ ದಿನದ ಸಂಕಟವೇ ತಪ್ಪುತ್ತಿತ್ತೇನೋ ಎಂಬುದನ್ನು ಮರೆಯುವಂತಿಲ್ಲ.

ರಕ್ತಸ್ರಾವವಾಗುತ್ತಿದ್ದರೆ, ಇಲ್ಲವೆ ಸಂಖ್ಯೆಯು 10 ಸಾವಿರಕ್ಕಿಂತಲೂ ಕೆಳಗಿಳಿದರೆ ವೈದ್ಯರು ಕಿರುಬಿಲ್ಲೆಗಳನ್ನು ಕೊಡುತ್ತಾರೆ. ಹೆರಿಗೆ ಅಥವಾ ಶಸ್ತ್ರಕ್ರಿಯೆಯು ಸಮೀಪಿಸಿದ್ದರೆ ಅವರ ತೀರ್ಮಾನವು ಬೇರೆಯಾಗಬಹುದು. ಅದನ್ನು ಅವರಿಗೇ ಬಿಡುವುದು ಲೇಸು. ಪಪ್ಪಾಯಿ ಎಲೆಯ ರಸವನ್ನು ಕುರಿತು ಹಲವು ಸಂಶೋಧನೆಗಳು ನಡೆದಿವೆಯಾದರೂ ಅದು ರಕ್ತದ ನೀರು ಸೋರುವುದನ್ನು ತಡೆಯುವುದೆಂದು ಸಿದ್ಧವಾಗಿಲ್ಲ. ಅದನ್ನೇ ನಂಬಿ ಮನೆಯಲ್ಲಿ ಕುಳಿತು ಕಾಲ ಕಳೆಯಬಾರದು.

ಗರ್ಭಿಣಿಯರೂ ಕಿರುಬಿಲ್ಲೆಗಳೂ

ಗರ್ಭಿಣಿಯರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಬೇರಾವ ರೋಗವೂ ಇಲ್ಲದೆ ಕಿರುಬಿಲ್ಲೆಗಳು 1.5 ಲಕ್ಷಕ್ಕಿಂತ ತುಸು ಕಡಿಮೆಯಾಗುವುದುಂಟು. ಇದು ಸಾಮಾನ್ಯವಾಗಿ ಕೊನೆಯ ತಿಂಗಳುಗಳಲ್ಲಿ ಕಂಡು, ಹೆರಿಗೆಯ ಅನಂತರ ಸರಿಹೋಗುತ್ತದೆ, ಭಯಪಡಬೇಕಾಗಿಲ್ಲ. ಆದರೆ ರಕ್ತದೊತ್ತಡ ಏರಿ, ಮುಖ ಮತ್ತು ಕೈ ಊದಿಕೊಂಡು, ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು ಇವು ಕಂಡು, ಅದರೊಡನೆ ಬಿಲ್ಲೆಗಳೂ ಇಳಿದರೆ ಅದು ತಾಯಿ ಮಗು ಇಬ್ಬರಿಗೂ ಅಪಾಯದ ಸೂಚನೆ. ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮತ್ತೊಂದು ಬಗೆಯಲ್ಲಿ, ಶರೀರವೇ ತನ್ನ ಬಿಲ್ಲೆಗಳನ್ನು ಶತ್ರುಗಳೆಂದು ಭಾವಿಸಿ ಪ್ರತಿಕಾಯಗಳಿಂದ ನಾಶಮಾಡುತ್ತದೆ. ಮುಟ್ಟಿನಲ್ಲಿ ಅತಿಯಾದ ಸ್ರಾವ, ವಸಡಿನಲ್ಲಿ ರಕ್ತ, ಚರ್ಮದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಇದರ ಲಕ್ಷಣ. ಥ್ರಾಂಬೊಪೊಯಿಟಿನ್ ಬಡಿಯುವ ಗಂಟೆಯನ್ನೇ ಬಡಿದು ಮಜ್ಜೆಯನ್ನು ಎಚ್ಚರಿಸುವ ಔಷಧಿಗಳು 2008ರಿಂದ ಬಳಕೆಗೆ ಬಂದಿವೆ. ಪುಟ್ಟ ಪ್ರೋಟೀನೊಂದನ್ನು ಕುರಿತ ಸಂಶೋಧನೆಯು ರೋಗಿಯ ಹಾಸಿಗೆಯ ಬಳಿಗೆ ಬಂದುದಕ್ಕೆ ಇದು ಉದಾಹರಣೆ. ಇವನ್ನು ತಜ್ಞರು ಮಾತ್ರ ಕೊಡಬೇಕು.

ಆಹಾರ ಮತ್ತು ಮದ್ಯ

ತಾಯಿಕೋಶವು ತನ್ನ ವಂಶವಸ್ತುವನ್ನು ಹದಿನಾರು ಪಟ್ಟು ಹೆಚ್ಚಿಸಿಕೊಳ್ಳಬೇಕೆಂದರೆ ಅದಕ್ಕೆ ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವಗಳು ಬೇಕು. ಸಂಕೇತವು ಬಂದರೂ ಸಾಮಗ್ರಿಯಿಲ್ಲದಿದ್ದರೆ ಕೆಲಸ ನಡೆಯದು. ಸೊಪ್ಪಿನ ಬಸ್ಸಾರು, ಅವರೆಕಾಳು, ಹುರುಳಿ, ಹೆಸರುಕಾಳುಗಳಲ್ಲಿ ಫೋಲಿಕ್ ಆಮ್ಲವಿದೆ. ಬಿ-12 ಮಾತ್ರ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ದೊರೆಯುವಂತಹುದು. ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯ ಗರ್ಭಿಣಿಗೂ ಮಕ್ಕಳಿಗೂ ಒಂದು ಲೋಟವನ್ನೂ ಉಳಿಸದಿರುವುದು ಸರಿಯಲ್ಲ. ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ತಪ್ಪದೆ ಸೇವಿಸಬೇಕು.

ಪತಿಯು ಗಮನಿಸಬೇಕಾದ ಮಾತೊಂದಿದೆ. ಥ್ರಾಂಬೊಪೊಯಿಟಿನ್ ತಯಾರಾಗುವುದು ಪಿತ್ತಜನಕಾಂಗದಲ್ಲಿ ಎಂದು ಮೇಲೆ ಹೇಳಿದೆವು. ಬಹುಕಾಲದ ಮದ್ಯಪಾನದಿಂದ ಪಿತ್ತಜನಕಾಂಗವು ಗಡುಸಾದರೆ ಸಂಕೇತವೇ ಸೊರಗುತ್ತದೆ. ಗುಲ್ಮವು ಹಿಗ್ಗಿ ಇದ್ದ ಬಿಲ್ಲೆಗಳನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮದ್ಯವು ಮಜ್ಜೆಯನ್ನು ನೇರವಾಗಿಯೂ ಕುಗ್ಗಿಸುತ್ತದೆ. ಹೀಗೆ ಮೂರು ಕಡೆಯಿಂದಲೂ ನಷ್ಟ. ಗಣಿಯೂ ಹಾಳು, ಗಂಟೆಯೂ ಮೂಕ ಎಂಬಂತಾಗುತ್ತದೆ.

ರಕ್ತಸಂಬಂಧದ ಮದುವೆಯ ವಿಚಾರ

ಬಹು ವಿರಳವಾಗಿ ಕೆಲವು ಮಕ್ಕಳಲ್ಲಿ ಥ್ರಾಂಬೊಪೊಯಿಟಿನ್ನನ್ನು ಹಿಡಿಯುವ ಗ್ರಾಹಕವೇ ಹುಟ್ಟಿನಿಂದ ದೋಷಯುಕ್ತವಾಗಿರುತ್ತದೆ. ಗಂಟೆ ಬಡಿದರೂ ಕೇಳುವ ಕಿವಿಯಿಲ್ಲದಂತೆ. ಇಂತಹ ಮಗುವಿನ ಮಜ್ಜೆಯಲ್ಲಿ ತಾಯಿಕೋಶಗಳು ಇಲ್ಲವೆನ್ನುವಷ್ಟು ಕಡಿಮೆ. ಹುಟ್ಟಿದಾಗಿನಿಂದಲೇ ಮೈಮೇಲೆ ಕೆಂಪು ಚುಕ್ಕೆ, ರಕ್ತಸ್ರಾವ ಕಾಣುತ್ತವೆ. ವರ್ಷಗಳು ಕಳೆದಂತೆ ಮಜ್ಜೆಯೆಲ್ಲವೂ ಸೊರಗಬಹುದು. ಹೊಂದಿಕೆಯಾಗುವ ದಾನಿಯಿಂದ ಮಜ್ಜೆಯನ್ನು ಕಸಿ ಮಾಡುವುದೇ ಇದಕ್ಕೆ ಶಾಶ್ವತ ಚಿಕಿತ್ಸೆ.

ತಂದೆ ತಾಯಿ ಇಬ್ಬರಲ್ಲಿಯೂ ಈ ದೋಷವು ಹೊರಗೆ ಕಾಣದಂತೆ ಅಡಗಿದ್ದರೆ ಮಾತ್ರ ಮಗುವಿಗೆ ರೋಗವು ಬರುತ್ತದೆ. ಅಂತಹ ದಂಪತಿಗಳ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮ ಭಾಗದಲ್ಲಿದೆ. ಒಂದೇ ವಂಶದವರಾದ್ದರಿಂದ ಒಂದೇ ದೋಷವು ಇಬ್ಬರಲ್ಲಿಯೂ ಅಡಗಿರುವ ಸಾಧ್ಯತೆ ಇಂತಹ ಮದುವೆಗಳಲ್ಲಿ ಹೆಚ್ಚು. ಈಗಾಗಲೇ ಹಾಗೆ ಮದುವೆಯಾದವರು ಎದೆಗುಂದಬೇಕಾಗಿಲ್ಲ; ಅವರಲ್ಲಿ ಬಹುತೇಕರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಕುಟುಂಬದಲ್ಲಿ ರಕ್ತಸ್ರಾವದ ರೋಗದಿಂದ ಮಗು ತೀರಿಕೊಂಡ ಪ್ರಸಂಗವಿದ್ದರೆ ಮುಂದಿನ ಗರ್ಭಕ್ಕೆ ಮೊದಲು ವೈದ್ಯರ ಸಲಹೆ ಪಡೆಯಿರಿ. ಮುಂದೆ ಮಕ್ಕಳಿಗೆ ಸಂಬಂಧ ನೋಡುವಾಗ ಹೊರಗಿನ ಮನೆತನವನ್ನು ಆರಿಸುವುದು ಉತ್ತಮ.

ನೀರಿನ ತೊಟ್ಟಿಯೂ ಸೊಳ್ಳೆಯೂ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಗಣಿಯ ಪಟ್ಟಣಕ್ಕೆ ಹಿಂದಿನಿಂದಲೂ ಬೇತಮಂಗಲದ ಕೆರೆಯಿಂದ ನೀರು ಬರಬೇಕಾಯಿತು. ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿ, ಬಿಂದಿಗೆಗಳನ್ನೆಲ್ಲ ತುಂಬಿಡುವುದು ನಮಗೆ ಅನಿವಾರ್ಯವಾದ ಅಭ್ಯಾಸ. ಈಡಿಸ್ ಸೊಳ್ಳೆಗೆ ಬೇಕಾದುದು ಇಂತಹ ನಿಂತ ಶುದ್ಧ ನೀರೇ. ಇದು ಹಗಲಿನಲ್ಲಿ ಕಚ್ಚುತ್ತದೆ. ಹೆಚ್ಚು ದೂರ ಹಾರುವುದಿಲ್ಲ. ಆದ್ದರಿಂದ ನಮ್ಮನ್ನು ಕಚ್ಚುವ ಸೊಳ್ಳೆಯು ಬಹುಮಟ್ಟಿಗೆ ನಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಹುಟ್ಟಿದುದೇ ಆಗಿರುತ್ತದೆ.

ಈ ಸೊಳ್ಳೆಯು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ಆದುದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು. ಒಳಗೋಡೆಯನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಒಣಗಿಸಿದರೆ ಆ ಸರಪಳಿಯು ಕಡಿದುಹೋಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ರಕ್ತಪರೀಕ್ಷೆ ಮಾಡಿಸಿರಿ. ಗರ್ಭಿಣಿಯರು, ಹಸುಳೆಗಳು, ವೃದ್ಧರು ಒಂದು ದಿನವೂ ತಡಮಾಡಬಾರದು.

2. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಸೇವಿಸಿರಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫಿನಾಕ್ ಇವು ರಕ್ತಸ್ರಾವಕ್ಕೆ ಎಡೆಮಾಡಬಹುದು. "ಒಂದು ಇಂಜೆಕ್ಷನ್ ಕೊಡಿ" ಎಂದು ಒತ್ತಾಯಿಸಬೇಡಿ.

3. ಗಂಜಿ, ಮಜ್ಜಿಗೆ, ಎಳನೀರು, ಜೀವಜಲದ ಪುಡಿ ಕಲಸಿದ ನೀರು ಇವನ್ನು ಮೇಲಿಂದ ಮೇಲೆ ಕುಡಿಸಿರಿ.

4. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಅತಿ ಸುಸ್ತು, ಚಡಪಡಿಕೆ, ತಣ್ಣಗಾದ ಕೈಕಾಲು, ಮೂತ್ರ ಕಡಿಮೆಯಾಗುವುದು ಇವು ಅಪಾಯದ ಚಿಹ್ನೆಗಳು. ಜ್ವರ ಇಲ್ಲದಿದ್ದರೂ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿರಿ. ಬಂಗಾರಪೇಟೆಯಲ್ಲಿಯೂ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಸಾರ್ವಜನಿಕ ಆಸ್ಪತ್ರೆಗಳಿವೆ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ.

5. ಸಂಖ್ಯೆಯೊಂದನ್ನೇ ನೋಡಿ ಹೆದರಬೇಡಿ. ಸಂಖ್ಯೆ ಚೆನ್ನಾಗಿದೆಯೆಂದು ಮೈಮರೆಯಲೂ ಬೇಡಿ. ರೋಗಿಯನ್ನು ನೋಡಿರಿ.

6. ವಾರಕ್ಕೊಂದು ದಿನವನ್ನು ಗೊತ್ತುಮಾಡಿಕೊಂಡು ನೀರಿನ ಪಾತ್ರೆಗಳನ್ನೆಲ್ಲ ಉಜ್ಜಿ ಒಣಗಿಸಿ, ಮುಚ್ಚಳ ಹಾಕಿರಿ. ಇದು ಹೆಂಗಸರೊಬ್ಬರ ಕೆಲಸವಲ್ಲ, ಗಂಡಸರೂ ಕೈಗೂಡಿಸಬೇಕು.

7. ಆರೋಗ್ಯವಂತರಾದ 18 ವರ್ಷ ತುಂಬಿದವರು ರಕ್ತದಾನ ಮಾಡಿರಿ. ಬೇರ್ಪಡಿಸಿದ ಕಿರುಬಿಲ್ಲೆಗಳನ್ನು ಸುಮಾರು ಐದು ದಿನ ಮಾತ್ರ ಕಾಪಿಡಬಹುದು. ನಿಜವಾಗಿ ಬೇಕಾದವರಿಗೆ ಅವು ಸಿಗಬೇಕಾದರೆ ದಾನಿಗಳು ಸದಾ ಇರಬೇಕು.

ಪ್ರಿಯ ದಂಪತಿಗಳೇ, ನೆಲದೊಳಗಿನ ಗಣಿಯು ಒಂದು ದಿನ ಮುಚ್ಚಿತು. ಮೂಳೆಯೊಳಗಿನ ಗಣಿಯಾದರೋ ನಾವಿರುವವರೆಗೂ ನಡೆಯಬೇಕು. ಅಲ್ಲಿ ಸಂಕೇತ ನೀಡುವ ಪುಟ್ಟ ಪ್ರೋಟೀನುಗಳು ತಮ್ಮ ಕರ್ತವ್ಯವನ್ನು ಅರಿತೇ ಇವೆ. ಅವುಗಳ ಕೆಲಸಕ್ಕೆ ಅಡ್ಡಿ ಬಾರದಂತೆ ಒಳ್ಳೆಯ ಆಹಾರ, ಮದ್ಯವಿಲ್ಲದ ಬದುಕು, ಸೊಳ್ಳೆಯಿಲ್ಲದ ಮನೆ ಇವನ್ನು ಒದಗಿಸುವುದು, ಅಪಾಯದ ಚಿಹ್ನೆ ಕಂಡೊಡನೆ ಆಸ್ಪತ್ರೆಯ ದಾರಿ ಹಿಡಿಯುವುದು ನಮ್ಮ ಕರ್ತವ್ಯ. ಈ ವಿಷಯವನ್ನು ನಿಮ್ಮ ನೆರೆಹೊರೆಯವರಿಗೂ ತಿಳಿಸಿರಿ.